ಅಧಿಕಾರದ ಹೊರಗೆ 16 ವರ್ಷ: ರಾಕಿಂಗ್‌ಹ್ಯಾಮ್ ಕಟ್ಟಿದ ವಿರೋಧ ಪಕ್ಷ

ರಾಕಿಂಗ್‌ಹ್ಯಾಮ್‌ನ ಎರಡನೇ ಮಾರ್ಕ್ವಿಸ್ ಚಾರ್ಲ್ಸ್ ವಾಟ್ಸನ್-ವೆಂಟ್‌ವರ್ತ್ ಬ್ರಿಟನ್ನಿನ ಪ್ರಧಾನಿಯಾದದ್ದು ಎರಡು ಸಲ. ಮೊದಲ ಸಲ 1765ರ ಜುಲೈಯಿಂದ ಒಂದು ವರ್ಷ, ಎರಡನೇ ಸಲ 1782ರ ಮಾರ್ಚ್ ಕೊನೆಯಿಂದ ಅದೇ ಜುಲೈ 1ರಂದು ಕಣ್ಣುಮುಚ್ಚುವ ತನಕ. ಎರಡನ್ನೂ ಕೂಡಿದರೆ 16 ತಿಂಗಳು ತುಂಬುವುದಿಲ್ಲ. ನಡುವಿನ ಹೆಚ್ಚುಕಡಿಮೆ 16 ವರ್ಷ ಆತ ಅಧಿಕಾರದ ಹೊರಗೇ ಉಳಿದ. ಅಮೆರಿಕದ ವಸಾಹತುಗಳು ಕೈತಪ್ಪಿದ್ದು ಆ ವರ್ಷಗಳಲ್ಲಿ. ತಡೆಯಲು ಆತನಿಂದ ಆಗಲಿಲ್ಲ. ಹಾಗಾಗಿ ಹದಿನೆಂಟನೇ ಶತಮಾನದ ಬ್ರಿಟಿಷ್ ರಾಜಕಾರಣದ ಕಥೆ ಹೇಳುವವರು ವಾಲ್‌ಪೋಲ್‌ಗೆ, ಪಿಟ್ ತಂದೆ-ಮಗನಿಗೆ, ಲಾರ್ಡ್ ನಾರ್ತ್‌ಗೆ ಅಧ್ಯಾಯಗಳನ್ನೇ ಮೀಸಲಿಟ್ಟು ರಾಕಿಂಗ್‌ಹ್ಯಾಮ್‌ನನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಆತನ ಬಾಳಿನ ದೊಡ್ಡ ಕೆಲಸ ನಡೆದದ್ದೇ ಕುರ್ಚಿ ಇಲ್ಲದ ಆ 16 ವರ್ಷಗಳಲ್ಲಿ. ಒಂದು ಗುಂಪು ಒಟ್ಟಾಗಿ ಹೊರಗೆ ನಿಂತು, ತನ್ನ ಷರತ್ತುಗಳನ್ನು ಮೊದಲೇ ಸಾರಿ, ಅವನ್ನು ಒಪ್ಪಿದರೆ ಮಾತ್ರ ಒಟ್ಟಾಗಿ ಒಳಗೆ ಬರುತ್ತೇವೆ ಎನ್ನಬಹುದು. ಹಾಗೆ ಎನ್ನುವುದು ರಾಜದ್ರೋಹವಾಗುವುದಿಲ್ಲ. ಬ್ರಿಟನ್ನಿನಲ್ಲಿ ಈ ಮಾತಿಗೆ ಗಟ್ಟಿ ನೆಲ ಸಿಕ್ಕಿದ್ದು ಆಗ.

ಇದರ ತೂಕ ತಿಳಿಯಬೇಕಾದರೆ ಆ ಕಾಲದ ರೂಢಿ ಗೊತ್ತಿರಬೇಕು. ಮಂತ್ರಿಗಳನ್ನು ಆರಿಸುವ ಹಕ್ಕು ರಾಜನದು. 1760ರಲ್ಲಿ, 22ನೇ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ ಮೂರನೇ ಜಾರ್ಜ್ ಆ ಹಕ್ಕನ್ನು ಮನಸಾರೆ ನಂಬಿದ್ದ. ಕಾಮನ್ಸ್ ಸಭೆಯಲ್ಲಿ 558 ಸದಸ್ಯರು. ಅವರಲ್ಲಿ ಎಷ್ಟೋ ಮಂದಿಗೆ ಅರಮನೆಯ ಹುದ್ದೆ, ಪಿಂಚಣಿ, ಇಲ್ಲವೇ ಸೇನೆಗೆ ಸಾಮಾನು ಒದಗಿಸುವ ಗುತ್ತಿಗೆ ಇತ್ತು. ರಾಜನ ವಿಶ್ವಾಸ ಗಳಿಸಿದ ಮಂತ್ರಿಗೆ ಸಭೆಯಲ್ಲಿ ಬಹುಮತ ಹೊಂದಿಸಿಕೊಳ್ಳುವುದು ಅಷ್ಟೇನೂ ಕಷ್ಟವಿರಲಿಲ್ಲ. ಪಕ್ಷ ಎಂಬ ಮಾತು ಬೈಗುಳಕ್ಕೆ ಹತ್ತಿರವಾಗಿತ್ತು. ಸರ್ಕಾರವನ್ನು ಟೀಕಿಸುವವನು ಒಳಗೆ ಕರೆಸಿಕೊಳ್ಳಲೆಂದೇ ಗದ್ದಲ ಎಬ್ಬಿಸುತ್ತಾನೆ ಎಂದು ಜನ ಭಾವಿಸುತ್ತಿದ್ದರು. ಬಹಳ ಸಲ ಅದು ನಿಜವೂ ಆಗಿತ್ತು. ಹಿಂದಿನ ಎರಡು ಆಳ್ವಿಕೆಗಳಲ್ಲಿ ವಿರೋಧಿಗಳಿಗೆ ಒಂದು ಆಸರೆ ಇತ್ತು: ತಂದೆಯೊಡನೆ ಮುನಿಸಿಕೊಂಡ ಯುವರಾಜ. ಇವತ್ತು ಅವನ ಬೆನ್ನಿಗೆ ನಿಂತರೆ ನಾಳೆ ಅವನು ರಾಜನಾದಾಗ ಫಲ ಸಿಗುತ್ತದೆ ಎಂಬ ಆಸೆಯಿಂದ ವಿರೋಧ ಬದುಕಿರುತ್ತಿತ್ತು. ಮೂರನೇ ಜಾರ್ಜನ ಹಿರಿಯ ಮಗ ಹುಟ್ಟಿದ್ದು 1762ರಲ್ಲಿ. ರಾಕಿಂಗ್‌ಹ್ಯಾಮ್‌ನ ಕಾಲದಲ್ಲಿ ಅಂಥ ಆಸೆಗೂ ಜಾಗವಿರಲಿಲ್ಲ. ಹೊರಗೆ ನಿಲ್ಲುವವನು ಬರಿಗೈಯಲ್ಲೇ ನಿಲ್ಲಬೇಕಾಗಿತ್ತು.

ಹಾಗೆ ನಿಲ್ಲುವ ಮನುಷ್ಯನಂತೆ ಈತ ಮೊದಲ ನೋಟಕ್ಕೆ ಕಾಣುವುದೂ ಇಲ್ಲ. 1730ರಲ್ಲಿ ಹುಟ್ಟಿ, 20ನೇ ವಯಸ್ಸಿಗೆ ತಂದೆಯ ಬಿರುದು ಬಾಬತ್ತುಗಳಿಗೆಲ್ಲ ಒಡೆಯನಾದ. ಯಾರ್ಕ್‌ಷೈರಿನ ವೆಂಟ್‌ವರ್ತ್ ವುಡ್‌ಹೌಸ್ ಎಂಬ ಆತನ ಮನೆಯ ಪೂರ್ವದ ಮುಂಭಾಗವೊಂದೇ 600 ಅಡಿಗಿಂತ ಉದ್ದ. ಐರ್ಲೆಂಡಿನಲ್ಲೂ ಜಮೀನು. ಕುದುರೆ ಎಂದರೆ ಪ್ರಾಣ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಇಂದಿಗೂ ಜನ ಮುಗಿಬಿದ್ದು ನೋಡುವ, ಜಾರ್ಜ್ ಸ್ಟಬ್ಸ್ ಬರೆದ ‘ವಿಸಲ್‌ಜಾಕೆಟ್’ ಚಿತ್ರದ ಕುದುರೆ ಈತನದು. ಆಳೆತ್ತರವನ್ನೂ ಮೀರಿದ ಆ ಚಿತ್ರದಲ್ಲಿ ಸವಾರನಿಲ್ಲ, ಹಿನ್ನೆಲೆಯ ಬಯಲಿಲ್ಲ, ಮುಂಗಾಲೆತ್ತಿದ ಕುದುರೆಯೊಂದೇ. ಸಭೆಯಲ್ಲಿ ಎದ್ದು ಮಾತಾಡುವುದೆಂದರೆ ಈ ಸಿರಿವಂತನಿಗೆ ನಡುಕ. ಆರೋಗ್ಯವೂ ಅಷ್ಟಕ್ಕಷ್ಟೆ. ಆದರೆ ಹಠದ ಗುರುತು ಚಿಕ್ಕಂದಿನಲ್ಲೇ ಸಿಗುತ್ತದೆ. 1745ರಲ್ಲಿ ಸ್ಟುವರ್ಟ್ ಮನೆತನದ ಪರವಾಗಿ ದಂಗೆ ಎದ್ದಾಗ, 15ರ ಹುಡುಗ ಮನೆಯವರಿಗೆ ಹೇಳದೆ ಕುದುರೆಯೇರಿ ಕಾರ್ಲೈಲ್‌ನಲ್ಲಿದ್ದ ರಾಜಸೇನೆಯನ್ನು ಸೇರಿಕೊಂಡ. ಅದೇ ಮನುಷ್ಯ 1762ರಲ್ಲಿ, ರಾಜನು ತನ್ನ ಬಣವಾದ ವಿಗ್‌ಗಳ ಹಳೆಯ ಮುಂದಾಳುಗಳನ್ನು ಅವಮಾನಿಸಿದನೆಂದು ಅರಮನೆಯ ಹುದ್ದೆಗೆ ರಾಜೀನಾಮೆ ಕೊಟ್ಟ. ರಾಜ ತಿರುಗಿ ಆತನ ಜಿಲ್ಲಾ ಹುದ್ದೆಗಳನ್ನೂ ಕಿತ್ತುಕೊಂಡ.

1765ರಲ್ಲಿ ರಾಜನಿಗೆ ತನ್ನ ಮಂತ್ರಿ ಜಾರ್ಜ್ ಗ್ರೆನ್‌ವಿಲ್ ಸಾಕುಬೇಕಾಗಿದ್ದ. ಚಿಕ್ಕಪ್ಪ ಕಂಬರ್‌ಲ್ಯಾಂಡ್ ಡ್ಯೂಕನ ಮಧ್ಯಸ್ಥಿಕೆಯಲ್ಲಿ ಹೊಸ ಸರ್ಕಾರ ಕೂಡಿಬಂತು. ಅದುವರೆಗೆ ಒಂದು ದಿನವೂ ಮಂತ್ರಿಯಾಗಿರದ 35 ವರ್ಷದ ರಾಕಿಂಗ್‌ಹ್ಯಾಮ್ ಖಜಾನೆಯ ಮುಖ್ಯಸ್ಥನಾದ. ಎಡ್ಮಂಡ್ ಬರ್ಕ್ ಎಂಬ ಹೆಸರುವಾಸಿಯಲ್ಲದ ಐರಿಷ್ ಬರಹಗಾರನನ್ನು ಖಾಸಗಿ ಕಾರ್ಯದರ್ಶಿಯಾಗಿ ಇಟ್ಟುಕೊಂಡ. ಗ್ರೆನ್‌ವಿಲ್ ಬಿಟ್ಟುಹೋದ ಬಳುವಳಿ ಸ್ಟ್ಯಾಂಪ್ ಕಾಯ್ದೆ. ಅಮೆರಿಕದ ವಸಾಹತುಗಳಲ್ಲಿ ಪತ್ರಿಕೆ, ಕರಾರು, ಪರವಾನಗಿ, ಇಸ್ಪೀಟು ಎಲೆ ಎಲ್ಲವೂ ತೆರಿಗೆ ಕಟ್ಟಿದ ಛಾಪಾ ಕಾಗದದ ಮೇಲೆಯೇ ಇರಬೇಕೆಂದು ಅದರ ಅಪ್ಪಣೆ. ಕಾಯ್ದೆ ಜಾರಿಗೆ ಬರಬೇಕಿದ್ದುದು ನವೆಂಬರ್ 1ಕ್ಕೆ. ಆಗಸ್ಟಿನಲ್ಲೇ ಬಾಸ್ಟನ್ನಿನಲ್ಲಿ ಗಲಭೆ. ಅಕ್ಟೋಬರಿನಲ್ಲಿ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿದರು. ಬ್ರಿಟಿಷ್ ಸರಕು ತರಿಸುವುದಿಲ್ಲವೆಂದು ಅಲ್ಲಿನ ವರ್ತಕರು ಶಪಥ ಮಾಡಿದರು. ಸಾಲದ್ದಕ್ಕೆ ಸರ್ಕಾರದ ಬೆನ್ನೆಲುಬಾಗಿದ್ದ ಕಂಬರ್‌ಲ್ಯಾಂಡ್ ಅಕ್ಟೋಬರ್ 31ರಂದು ತೀರಿಕೊಂಡ.

ಮುಂದೆ ರಾಕಿಂಗ್‌ಹ್ಯಾಮ್ ಮಾಡಿದ್ದನ್ನು ಹತ್ತಿರದಿಂದ ನೋಡಬೇಕು. ಅಮೆರಿಕದೊಡನೆ ವ್ಯಾಪಾರ ನಡೆಸುತ್ತಿದ್ದ ಲಂಡನ್ನಿನ ವರ್ತಕರ ಸಮಿತಿಗೆ ಬಾರ್ಲೋ ಟ್ರೆಕೋಥಿಕ್ ಮುಖ್ಯಸ್ಥ. 1765ರ ಡಿಸೆಂಬರ್ 6ರ ತಾರೀಖಿನ ಒಂದು ಸುತ್ತೋಲೆ ಆ ಸಮಿತಿಯಿಂದ ದೇಶದ ವ್ಯಾಪಾರಿ ಪಟ್ಟಣಗಳಿಗೆ ಹೋಯಿತು. ಅದನ್ನು ಮಾರ್ಕ್ವಿಸ್ ಮತ್ತು ಟ್ರೆಕೋಥಿಕ್ ಕೂಡಿಯೇ ಯೋಚಿಸಿ ಬರೆದದ್ದು, ಕಾಯ್ದೆ ರದ್ದಾಗಲು ಅದೇ ಮುಖ್ಯ ಸಾಧನವಾಯಿತು ಎಂದು ಬರ್ಕ್ ಅದರ ಪ್ರತಿಯ ಮೇಲೆ ಗುರುತು ಹಾಕಿಟ್ಟಿದ್ದಾನೆ. ಪತ್ರದ ಜಾಣತನ ಇದ್ದದ್ದು ಅದು ಬಿಟ್ಟ ಮಾತಿನಲ್ಲಿ. ತೆರಿಗೆ ಹಾಕುವ ಹಕ್ಕು ಪಾರ್ಲಿಮೆಂಟಿಗೆ ಇದೆಯೇ ಇಲ್ಲವೇ ಎಂಬ ಜಗಳದ ಸುದ್ದಿಗೇ ಅದು ಹೋಗಲಿಲ್ಲ. ನಿಮ್ಮ ಊರಿನ ವ್ಯಾಪಾರಕ್ಕೆ ಆಗುತ್ತಿರುವ ನಷ್ಟವನ್ನು ಪಾರ್ಲಿಮೆಂಟಿಗೆ ತಿಳಿಸಿ ಎಂದಷ್ಟೇ ಕೇಳಿತು. ಬ್ರಿಸ್ಟಲ್, ಲಿವರ್‌ಪೂಲ್, ಮ್ಯಾಂಚೆಸ್ಟರ್, ಲೀಡ್ಸ್, ಬರ್ಮಿಂಗ್‌ಹ್ಯಾಮ್, ಗ್ಲಾಸ್ಗೋಗಳಿಂದ ಬಂದ ಮನವಿಗಳಲ್ಲೂ ಅದೇ ಧಾಟಿ: ಬೇಡಿಕೆ ನಿಂತಿದೆ, ಸಾಲ ವಸೂಲಾಗುತ್ತಿಲ್ಲ, ಕೂಲಿಗಳಿಗೆ ಕೆಲಸವಿಲ್ಲ. 1766ರ ಫೆಬ್ರವರಿಯಲ್ಲಿ ಕಾಮನ್ಸ್ ಸಭೆ ವರ್ತಕರನ್ನು, ಬೆಂಜಮಿನ್ ಫ್ರಾಂಕ್ಲಿನ್‌ನನ್ನು ಕರೆಸಿ ವಿಚಾರಿಸಿತು. ಫೆಬ್ರವರಿ 21ರಂದು ಶುರುವಾದ ಚರ್ಚೆ ಮುಗಿದು ಮತ ಬಿದ್ದಾಗ ಗಡಿಯಾರ ಮರುದಿನಕ್ಕೆ ಹೊರಳಿತ್ತು. ರದ್ದತಿಯ ಪರ 275, ವಿರುದ್ಧ 167. ವರ್ತಕರು ಮೊಗಸಾಲೆಯಲ್ಲಿ ಅಷ್ಟು ಹೊತ್ತೂ ನಿಂತೇ ಕಾದಿದ್ದರು. ಪಾರ್ಲಿಮೆಂಟಿನ ಹೊರಗಿನ ಜನರ ಅನುಭವವನ್ನು ಕ್ರಮವಾಗಿ ಕೂಡಿಹಾಕಿ ಪಾರ್ಲಿಮೆಂಟಿನ ಮನಸ್ಸು ತಿರುಗಿಸಿದ ಸರ್ಕಾರ ಇದು. ಮಾತು ಬಾರದ ಮಾರ್ಕ್ವಿಸನಿಗೆ ಜನರನ್ನು ಜೋಡಿಸುವ ಕಲೆ ಬರುತ್ತಿತ್ತು.

ರದ್ದತಿಗೆ ತೆತ್ತ ಬೆಲೆಯೂ ಇತ್ತು. ಅದೇ ಮಾರ್ಚ್ 18ರಂದು ರದ್ದತಿಯ ಜೊತೆಜೊತೆಗೇ ಇನ್ನೊಂದು ಕಾಯ್ದೆಗೆ ರಾಜನ ಒಪ್ಪಿಗೆ ಬಿತ್ತು. ವಸಾಹತುಗಳ ಮೇಲೆ ಯಾವ ವಿಷಯದಲ್ಲಾದರೂ ಕಾನೂನು ಮಾಡುವ ಪೂರ್ಣ ಅಧಿಕಾರ ಪಾರ್ಲಿಮೆಂಟಿಗಿದೆ ಎಂದು ಸಾರುವ ಕಾಯ್ದೆ ಅದು. 1720ರಲ್ಲಿ ಐರ್ಲೆಂಡಿನ ಮೇಲೆ ಹೇರಿದ್ದ ಕಾಯ್ದೆಯ ಅಚ್ಚು. ಅದಿಲ್ಲದಿದ್ದರೆ ರದ್ದತಿಗೆ ಬಹುಮತವೇ ಸಿಗುತ್ತಿರಲಿಲ್ಲ ಎಂಬುದು ರಾಕಿಂಗ್‌ಹ್ಯಾಮ್‌ನ ಪರವಾಗಿ ಹೇಳುವ ಮಾತು. ಅದನ್ನು ನಾನೂ ಒಪ್ಪುತ್ತೇನೆ. ಆದರೆ ಆತನ ಬಣ ಆ ಕಾಯ್ದೆಗೆ ಆಮೇಲೂ ಅಂಟಿಕೊಂಡಿತು. ಹಕ್ಕು ಇದೆ, ಚಲಾಯಿಸುವುದು ಬೇಡ ಎಂಬ ನಿಲುವು 1766ಕ್ಕೆ ವಿವೇಕವಾಗಿತ್ತು. 1775ರ ಹೊತ್ತಿಗೆ, ಹಕ್ಕೇ ಇಲ್ಲ ಎಂದು ಅಮೆರಿಕದವರು ಬಂದೂಕು ಎತ್ತಿಕೊಂಡಾಗ, ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ. ತಮ್ಮ ಹಳೆಯ ಗೆಲುವಿಗೆ ನಿಷ್ಠರಾಗಿರಲು ಹೋಗಿ ಹೊಸ ಪರಿಸ್ಥಿತಿಗೆ ಬೇಕಾದ ಮಾತನ್ನು ಅವರು ವರ್ಷಗಟ್ಟಲೆ ಆಡಲಿಲ್ಲ. ಪಕ್ಷನಿಷ್ಠೆಗೆ ಇರುವ ಈ ದೋಷವನ್ನು ಅದರ ಗುಣ ಹಾಡುವವರು ಮುಚ್ಚಿಡಬಾರದು.

1766ರ ಜುಲೈಯಲ್ಲಿ ರಾಜ ರಾಕಿಂಗ್‌ಹ್ಯಾಮ್‌ನನ್ನು ಕಳಿಸಿಬಿಟ್ಟು ಹಿರಿಯ ಪಿಟ್‌ನನ್ನು ಕರೆದ. ಚಾಟಮ್‌ನ ಅರ್ಲ್ ಆಗಿ ಬಂದ ಪಿಟ್‌ನ ಘೋಷಣೆ ಎಂದರೆ ಪಕ್ಷಗಳನ್ನೆಲ್ಲ ಒಡೆದು, ಎಲ್ಲ ಗುಂಪುಗಳಿಂದ ಸಮರ್ಥರನ್ನು ಹೆಕ್ಕಿ ಆಳುವುದು. ಕೇಳಲು ಇದು ಈಗಲೂ ಚೆನ್ನಾಗಿದೆ. ಫಲವೇನಾಯಿತು? ಚಾಟಮ್ ಕಾಯಿಲೆ ಬಿದ್ದು ಕೋಣೆ ಸೇರಿದ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮಂತ್ರಿಗಳು ತಂತಮ್ಮ ದಾರಿ ಹಿಡಿದರು. ಅಮೆರಿಕದ ಮಿತ್ರನೆಂದು ಹೆಸರಾದ ಚಾಟಮ್‌ನ ಸರ್ಕಾರದಲ್ಲೇ, 1767ರಲ್ಲಿ, ಹಣಕಾಸು ಮಂತ್ರಿ ಚಾರ್ಲ್ಸ್ ಟೌನ್ಸೆಂಡ್ ಅಮೆರಿಕಕ್ಕೆ ಹೋಗುವ ಗಾಜು, ಕಾಗದ, ಬಣ್ಣ, ಸೀಸ, ಚಹಾದ ಮೇಲೆ ಹೊಸ ಸುಂಕ ಹಾಕಿದ. ಒಂದು ವರ್ಷದ ಹಿಂದೆ ಒಗ್ಗಟ್ಟಿನ ಸಾಧಾರಣ ಜನ ಆರಿಸಿದ್ದ ಬೆಂಕಿಯನ್ನು ಒಗ್ಗಟ್ಟಿಲ್ಲದ ಪ್ರತಿಭಾವಂತರು ಮತ್ತೆ ಹೊತ್ತಿಸಿದರು. ಸರ್ಕಾರಕ್ಕೆ ಸಾಮೂಹಿಕ ಹೊಣೆ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಆ ಶತಮಾನದಲ್ಲಿ ನನಗೆ ಕಾಣುವುದಿಲ್ಲ.

ರಾಕಿಂಗ್‌ಹ್ಯಾಮ್ ಮೊದಮೊದಲು ತನ್ನ ಸ್ನೇಹಿತರನ್ನು ಚಾಟಮ್ ಸರ್ಕಾರದಲ್ಲೇ ಉಳಿಯಲು ಬಿಟ್ಟಿದ್ದ. 1766ರ ನವೆಂಬರಿನಲ್ಲಿ, ಅವರಲ್ಲೊಬ್ಬನಾದ ಲಾರ್ಡ್ ಎಡ್ಜ್‌ಕಂಬ್‌ನ ಹುದ್ದೆಯನ್ನು ಚಾಟಮ್ ಕಿತ್ತುಕೊಂಡಾಗ, ಎಲ್ಲರೂ ಹೊರಬರಬೇಕೆಂದು ಕೇಳಿಕೊಂಡ. ಪೋರ್ಟ್‌ಲ್ಯಾಂಡ್ ಡ್ಯೂಕ್, ಬೆಸ್‌ಬರೋ ಅರ್ಲ್, ನೌಕಾಪಡೆಯ ಸಾಂಡರ್ಸ್ ಮತ್ತು ಕೆಪೆಲ್ ತಮ್ಮ ಹುದ್ದೆಗಳನ್ನು ಬಿಟ್ಟು ಬಂದರು. ಮಂತ್ರಿ ಕಾನ್‌ವೇಯಂಥವರು ಬರಲಿಲ್ಲ, ಅವರು ಬಣಕ್ಕೆ ಇಲ್ಲವಾದರು. ಇಲ್ಲಿಂದ ರಾಕಿಂಗ್‌ಹ್ಯಾಮ್ ಬಣ ಚಿಕ್ಕದಾಯಿತು. ಮುಂದಿನ ಒಂದು ದಶಕ ಕಾಮನ್ಸ್ ಸಭೆಯಲ್ಲಿ ಅದರ ನೆಚ್ಚಿನ ಸದಸ್ಯರು ನೂರು ಮುಟ್ಟಲಿಲ್ಲ. ಆದರೆ ಉಳಿದವರು ಯಾರೆಂಬುದು ಖಚಿತವಾಯಿತು. 1767ರ ಜುಲೈಯಲ್ಲಿ ಮತ್ತೆ ಸರ್ಕಾರ ಸೇರುವ ಮಾತುಕತೆ ನಡೆಯಿತು. ಬೆಡ್‌ಫರ್ಡ್ ಡ್ಯೂಕನ ಬಣ, ಗ್ರೆನ್‌ವಿಲ್‌ನ ಬಣ ಎಲ್ಲವೂ ಒಂದೇ ಮೇಜಿನ ಸುತ್ತ ಸೇರಲು ನೋಡಿದವು. ಅಮೆರಿಕದ ವಿಷಯದಲ್ಲಿ ಗ್ರೆನ್‌ವಿಲ್ ಕೇಳಿದ ಭರವಸೆಯನ್ನು ರಾಕಿಂಗ್‌ಹ್ಯಾಮ್ ಕೊಡಲೊಪ್ಪಲಿಲ್ಲ. ಮಾತು ಮುರಿಯಿತು.

ಇವರು ಹೊರಗೆ ನಿಂತದ್ದರಲ್ಲಿ ತತ್ವವೇನೂ ಇರಲಿಲ್ಲ, ಅದು ಕೇವಲ ಸಿರಿವಂತ ಮನೆತನಗಳ ಕೂಟ ಎನ್ನುವ ಆಕ್ಷೇಪ ಹಳೆಯದು. ಅದಕ್ಕೆ ವಿದ್ವತ್ತಿನ ಬಲ ಕೊಟ್ಟವನು ಇತಿಹಾಸಕಾರ ಲೂಯಿಸ್ ನೇಮಿಯರ್. ಮೂರನೇ ಜಾರ್ಜ್ ಪಟ್ಟಕ್ಕೆ ಬಂದ ಕಾಲದ ರಾಜಕಾರಣದ ಒಳರಚನೆಯನ್ನು ಕುರಿತು 1929ರಲ್ಲಿ ಆತ ಬರೆದ ಪುಸ್ತಕ, ಒಬ್ಬೊಬ್ಬ ಸದಸ್ಯನ ನೆಂಟಸ್ತಿಕೆ, ಹುದ್ದೆ, ಊರಿನ ಹಿತಗಳನ್ನು ಬಿಡಿಸಿ ತೋರಿಸಿತು. ವಿಗ್, ಟೋರಿ ಎಂಬ ಹಣೆಪಟ್ಟಿಗಳ ಹಿಂದೆ ಆಧುನಿಕ ಅರ್ಥದ ಪಕ್ಷಗಳಿಲ್ಲ ಎಂಬುದು ಅದರ ತಾತ್ಪರ್ಯ. 1760ರ ಚಿತ್ರವಾಗಿ ಅದು ಸರಿ. ಆದರೆ ಮುಂದಿನ ವರ್ಷಗಳನ್ನು ಅದೇ ಕನ್ನಡಕದಲ್ಲಿ ನೋಡಿದರೆ ಒಂದು ಸಂಗತಿಗೆ ಉತ್ತರ ಸಿಗುವುದಿಲ್ಲ. ಬೆಡ್‌ಫರ್ಡ್ ಡ್ಯೂಕನೂ ದೊಡ್ಡ ಶ್ರೀಮಂತ. 1767ರ ಕೊನೆಗೆ ಆತನ ಬಣ ಹುದ್ದೆಗಳನ್ನು ಪಡೆದು ಸರ್ಕಾರ ಸೇರಿತು. 1770ರಲ್ಲಿ ಗ್ರೆನ್‌ವಿಲ್ ಸತ್ತ ಕೆಲವೇ ವಾರಗಳಲ್ಲಿ ಆತನ ಹಿಂಬಾಲಕರು ಲಾರ್ಡ್ ನಾರ್ತ್‌ನ ಸರ್ಕಾರದ ಕಡೆ ನಡೆದರು. ಸಂಪತ್ತು, ನೆಂಟಸ್ತಿಕೆ, ಊರಿನ ಪ್ರಭಾವ ಎಲ್ಲ ಬಣಗಳಿಗೂ ಒಂದೇ ಬಗೆಯದು. ಹಾಗಿದ್ದೂ ಒಂದೇ ಬಣ 16 ವರ್ಷ ಹೊರಗೆ ಉಳಿದದ್ದೇಕೆ? ಆಸ್ತಿ ಇದ್ದುದರಿಂದ ಅವರಿಗೆ ಹಾಗೆ ಉಳಿಯಲು ಸಾಧ್ಯವಾಯಿತು, ನಿಜ. ಉಳಿಯಬೇಕೆಂದು ಏಕೆ ತೀರ್ಮಾನಿಸಿದರು ಎಂಬುದನ್ನು ಆಸ್ತಿಯ ಲೆಕ್ಕದಿಂದ ವಿವರಿಸಲಾಗದು.

ಅವರೇ ಕೊಟ್ಟುಕೊಂಡ ಕಾರಣ 1770ರ ಏಪ್ರಿಲ್‌ನಲ್ಲಿ ಅಚ್ಚಾಯಿತು. ಆಗಿನ ಅತೃಪ್ತಿಗಳ ಮೂಲವನ್ನು ಕುರಿತ ಬರ್ಕ್‌ನ ಕಿರುಹೊತ್ತಗೆ ಅದು. ಒಂದು ತತ್ವವನ್ನು ಒಪ್ಪಿದ ಜನ ಅದರ ಮೇಲೆ ದೇಶದ ಹಿತ ಸಾಧಿಸಲು ಒಟ್ಟುಗೂಡಿದರೆ ಅದು ಪಕ್ಷ. ಕೆಟ್ಟವರು ಒಟ್ಟಾಗುವಾಗ ಒಳ್ಳೆಯವರು ಒಂಟೊಂಟಿಯಾಗಿ ನಿಂತರೆ ಒಬ್ಬೊಬ್ಬರಾಗಿ ಬೀಳುತ್ತಾರೆ ಎಂಬುದು ಅದರ ತಿರುಳು. ಅಲ್ಲಿಯವರೆಗೆ ಗುಟ್ಟಾಗಿ ಮಾಡಿ ನಾಚಿಕೆಪಡುತ್ತಿದ್ದುದನ್ನು ಬರ್ಕ್ ಕರ್ತವ್ಯವೆಂದು ಕರೆದ. ಹಾಗಾದರೆ ಎಲ್ಲ ಶ್ರೇಯಸ್ಸು ಬರ್ಕ್‌ನದಲ್ಲವೇ, ರಾಕಿಂಗ್‌ಹ್ಯಾಮ್ ಬರೀ ಹೆಸರಿಗೆ ಇದ್ದವನಲ್ಲವೇ ಎಂದು ಕೇಳುವವರಿದ್ದಾರೆ. ಆತ ಪತ್ರಗಳಿಗೆ ಉತ್ತರ ತಡಮಾಡುತ್ತಿದ್ದ, ಅಧಿವೇಶನಕ್ಕಿಂತ ಡಾಂಕಾಸ್ಟರಿನ ಪಂದ್ಯ ಆತನಿಗೆ ಹೆಚ್ಚು ಪ್ರಿಯವಾಗಿತ್ತು ಎಂಬ ದೂರು ಆ ಕಾಲದ್ದೇ. ಆದರೆ ಆ ಹೊತ್ತಗೆ ಹುಟ್ಟಿದ ಬಗೆಯನ್ನೇ ನೋಡಿ. ಅದರ ಕರಡು ಅಚ್ಚಿಗೆ ಹೋಗುವ ಮೊದಲು ಬಣದ ಮುಖ್ಯರ ಕೈಯಿಂದ ಕೈಗೆ ದಾಟಿತು. ಅವರ ಟಿಪ್ಪಣಿಗಳನ್ನು ಕೇಳಿ ಪಡೆಯಲಾಯಿತು. ಅದು ಒಬ್ಬ ಬರಹಗಾರನ ಅಭಿಪ್ರಾಯವಾಗಿ ಬರಲಿಲ್ಲ, ಗುಂಪಿನ ನಿಲುವಾಗಿ ಬಂತು. ರಿಚ್‌ಮಂಡ್, ಪೋರ್ಟ್‌ಲ್ಯಾಂಡ್‌ರಂಥ ಡ್ಯೂಕರನ್ನು, ಹುದ್ದೆಯನ್ನೇ ಒಲ್ಲದ ಯಾರ್ಕ್‌ಷೈರಿನ ಸದಸ್ಯ ಜಾರ್ಜ್ ಸ್ಯಾವಿಲ್‌ನನ್ನು, ಹಿಂದೆಮುಂದಿಲ್ಲದ ಬರ್ಕ್‌ನನ್ನು ಒಂದೇ ಸಾಲಿನಲ್ಲಿ ಹಿಡಿದಿಡುವುದು ಬರ್ಕ್‌ನ ಲೇಖನಿಯಿಂದ ಆಗುವ ಕೆಲಸವಲ್ಲ. ಅದಕ್ಕೆ ಎಲ್ಲರೂ ನಂಬುವ, ತನಗಾಗಿ ಏನನ್ನೂ ಕೇಳದ ಒಬ್ಬ ಮನುಷ್ಯ ಬೇಕಿತ್ತು.

ಅವರ ವಾದದ ಒಂದು ಭಾಗ ಸುಳ್ಳೆಂಬುದನ್ನೂ ಹೇಳಬೇಕು. ರಾಜನ ಹಳೆಯ ಗುರು ಬ್ಯೂಟ್ ಅರ್ಲ್ ತೆರೆಯ ಹಿಂದೆ ಕೂತು ಸರ್ಕಾರಗಳನ್ನು ಬೀಳಿಸುತ್ತಿದ್ದಾನೆ, ಕಾಣುವ ಮಂತ್ರಿಮಂಡಲದ ಹಿಂದೆ ಕಾಣದ ಇನ್ನೊಂದಿದೆ ಎಂದು ಅವರು ನಂಬಿದ್ದರು. 1766ರ ಹೊತ್ತಿಗೇ ಬ್ಯೂಟ್‌ನ ಪ್ರಭಾವ ಮುಗಿದಿತ್ತು. ರೋಗವನ್ನು ತಪ್ಪಾಗಿ ಗುರುತಿಸಿದ ವೈದ್ಯರು ಇವರು. ಆದರೆ ಕೊಟ್ಟ ಮದ್ದು ಸರಿಯಾಗಿತ್ತು. ಯಾಕೆಂದರೆ ಹುದ್ದೆ, ಪಿಂಚಣಿ, ಗುತ್ತಿಗೆಗಳ ಮೂಲಕ ಸಭೆಯನ್ನು ರಾಜನು ಒಲಿಸಿಕೊಳ್ಳುತ್ತಿದ್ದುದು ಬ್ಯೂಟ್ ಇದ್ದರೂ ನಿಜ, ಇಲ್ಲದಿದ್ದರೂ ನಿಜ.

ಸ್ವಹಿತದ ಆರೋಪ ಇದಕ್ಕಿಂತ ಗಟ್ಟಿಯಾದುದು. 1773ರಲ್ಲಿ ಐರ್ಲೆಂಡಿನ ಆಡಳಿತ ಒಂದು ಯೋಜನೆ ಮಾಡಿತು: ಐರ್ಲೆಂಡಿನಲ್ಲಿ ಗೇಣಿ ವಸೂಲಿ ಮಾಡಿಕೊಂಡು ಇಂಗ್ಲೆಂಡಿನಲ್ಲಿ ಬದುಕುವ ಭೂಮಾಲೀಕರಿಗೆ ಪೌಂಡಿಗೆ ಎರಡು ಷಿಲಿಂಗ್ ತೆರಿಗೆ. ಆ ಮಾಲೀಕರಲ್ಲಿ ರಾಕಿಂಗ್‌ಹ್ಯಾಮ್ ಒಬ್ಬ. ಡೆವನ್‌ಷೈರ್ ಡ್ಯೂಕ್ ಮುಂತಾದವರೊಡನೆ ಸಹಿ ಹಾಕಿ ಆತ ಅದನ್ನು ಪ್ರತಿಭಟಿಸಿದ, ಯೋಜನೆ ಬಿದ್ದುಹೋಯಿತು. ತೆರಿಗೆಯಿಂದ ಸಾಮ್ರಾಜ್ಯದ ಏಕತೆ ಒಡೆಯುತ್ತದೆ ಎಂಬ ಅವರ ಸಮರ್ಥನೆ ನನ್ನನ್ನು ಒಪ್ಪಿಸುವುದಿಲ್ಲ. ತನ್ನ ಗೇಣಿಗೆ ಕೈ ಬಿದ್ದಾಗ ಆತ ಬೇರೆ ಭೂಮಾಲೀಕರಿಗಿಂತ ಬೇರೆಯಾಗಿ ವರ್ತಿಸಲಿಲ್ಲ.

ಭಾರತದ ವಿಷಯ ಇನ್ನೂ ತೊಡಕಿನದು. ನಮಗೆ ಹತ್ತಿರದ್ದೂ ಹೌದು. 1767ರಲ್ಲಿ ಸರ್ಕಾರ ಈಸ್ಟ್ ಇಂಡಿಯಾ ಕಂಪನಿಯಿಂದ ವರ್ಷಕ್ಕೆ 4 ಲಕ್ಷ ಪೌಂಡ್ ಪಡೆಯುವ ಏರ್ಪಾಡು ಮಾಡಿಕೊಂಡಾಗಲೂ, 1773ರಲ್ಲಿ ನಾರ್ತ್ ರೆಗ್ಯುಲೇಟಿಂಗ್ ಕಾಯ್ದೆ ತಂದಾಗಲೂ ರಾಕಿಂಗ್‌ಹ್ಯಾಮ್ ಬಣ ಕಂಪನಿಯ ಸನ್ನದಿನ ಹಕ್ಕನ್ನು ಎತ್ತಿಹಿಡಿಯಿತು. ಭಾರತದ ಹಣವೂ ಹುದ್ದೆಗಳೂ ರಾಜನ ಕೈಗೆ ಸಿಕ್ಕರೆ ಪಾರ್ಲಿಮೆಂಟನ್ನು ಕೊಳ್ಳುವುದು ಇನ್ನೂ ಸುಲಭವಾಗುತ್ತದೆ ಎಂಬ ಭಯ ಅವರದು. ಬಂಗಾಳದ ರೈತ ಆ ಲೆಕ್ಕದಲ್ಲಿ ಬರಲೇ ಇಲ್ಲ. ಬಣದ ಕೆಲವರ ಹಣವೂ ಕಂಪನಿಯಲ್ಲಿತ್ತು. ಹೈದರ್ ಅಲಿ ಕರ್ನಾಟಿಕ್ ಪ್ರಾಂತದಲ್ಲಿ ಕಂಪನಿಯ ಪಡೆಗಳನ್ನು ಕಂಗೆಡಿಸಿದ್ದಾನೆಂಬ ಸುದ್ದಿ 1769ರ ಮೇ ತಿಂಗಳಲ್ಲಿ ಲಂಡನ್ ಮುಟ್ಟಿದಾಗ ಕಂಪನಿಯ ಷೇರು ಕುಸಿಯಿತು. ಬರ್ಕ್‌ನ ಆಪ್ತ ವಿಲಿಯಂ ಬರ್ಕ್ ಮತ್ತು ಅವರ ಪೋಷಕ ಲಾರ್ಡ್ ವರ್ನಿ ಅದರಲ್ಲಿ ಮುಳುಗಿದರು. ಎಡ್ಮಂಡ್‌ನ ಮನೆಯ ಹಣಕಾಸೂ ಅದರೊಂದಿಗೆ ಹೆಣೆದುಕೊಂಡಿತ್ತು. ಮುಂದೆ ರಾಕಿಂಗ್‌ಹ್ಯಾಮ್ ಸಾಲ ಕೊಟ್ಟು ಆತನನ್ನು ತೇಲಿಸಿದ, ಸಾಯುವಾಗ ಆ ಸಾಲವನ್ನು ಮನ್ನಾ ಮಾಡಿದ. 1780ರಲ್ಲಿ ಹೈದರ್ ಮತ್ತೆ ಕರ್ನಾಟಿಕ್‌ಗೆ ನುಗ್ಗಿದ ಮೇಲೆ ಆ ಯುದ್ಧದ ಕಾರಣ ಹುಡುಕಲು ಕಾಮನ್ಸ್ ಸಭೆ 1781ರಲ್ಲಿ ಸಮಿತಿ ನೇಮಿಸಿತು. ಬಂಗಾಳದ ವ್ಯವಹಾರ ನೋಡುವ ಇನ್ನೊಂದು ಸಮಿತಿಯಲ್ಲಿ ಬರ್ಕ್ ಕೂತ. ಕಂಪನಿಯ ಹಕ್ಕು ಕಾಯುತ್ತಿದ್ದವರು ಅದರ ಅನ್ಯಾಯವನ್ನು ಎಣಿಸತೊಡಗಿದ್ದು ಆ ದಾಖಲೆಗಳನ್ನು ಓದಿದ ಮೇಲೆ. ಈ ತಿರುವಿಗೆ ಹತ್ತು ವರ್ಷ ತಡವಾಯಿತು ಎಂದು ನಾವು ಹೇಳಿದರೆ ಅದು ಅನ್ಯಾಯದ ಮಾತಾಗದು.

ಇಷ್ಟು ದೋಷಗಳ ನಡುವೆಯೂ ಅಮೆರಿಕದ ಯುದ್ಧದ ವರ್ಷಗಳು ಬಣದ ಗಟ್ಟಿತನಕ್ಕೆ ಪರೀಕ್ಷೆಯಾದವು. ದೇಶ ಯುದ್ಧದಲ್ಲಿರುವಾಗ ಯುದ್ಧ ತಪ್ಪು ಎನ್ನುವವನನ್ನು ದ್ರೋಹಿ ಎನ್ನಲು ಯಾವ ಕಾಲದಲ್ಲೂ ಜನ ಸಿಗುತ್ತಾರೆ. ರಾಕಿಂಗ್‌ಹ್ಯಾಮ್ ಬಣ ಸೋಲುವ ಮತಗಳನ್ನು ವರ್ಷವರ್ಷವೂ ಹಾಕಿತು. ಒಮ್ಮೆ ಬೇಸತ್ತು ಸಭೆಗೆ ಹೋಗುವುದನ್ನೇ ಬಿಟ್ಟಿತು. ಅದು ತಪ್ಪು ನಡೆ, ಬೇಗ ಕೈಬಿಟ್ಟದ್ದು ಒಳ್ಳೆಯದಾಯಿತು. ಸಾರಟೋಗಾದಲ್ಲಿ ಬ್ರಿಟಿಷ್ ಸೇನೆ ಶರಣಾದ ಮೇಲೆ, 1778ರ ಮೊದಲ ತಿಂಗಳುಗಳಲ್ಲಿ, ಅಮೆರಿಕದ ಸ್ವಾತಂತ್ರ್ಯವನ್ನು ಒಪ್ಪದೆ ದಾರಿಯಿಲ್ಲ ಎಂಬ ತೀರ್ಮಾನಕ್ಕೆ ರಾಕಿಂಗ್‌ಹ್ಯಾಮ್ ಬಂದ. ಚಾಟಮ್ ಅದನ್ನು ಕೊನೆಯವರೆಗೆ ಒಪ್ಪಲಿಲ್ಲ. ಏಪ್ರಿಲ್ 7ರಂದು ಲಾರ್ಡ್ಸ್ ಸಭೆಯಲ್ಲಿ ರಿಚ್‌ಮಂಡ್ ಡ್ಯೂಕನಿಗೆ ಉತ್ತರಿಸಲು ಎದ್ದಾಗಲೇ ಚಾಟಮ್ ಕುಸಿದುಬಿದ್ದದ್ದು. ತಾನೇ ಬರೆಸಿದ 1766ರ ಹಕ್ಕಿನ ಕಾಯ್ದೆಯನ್ನು ರಾಕಿಂಗ್‌ಹ್ಯಾಮ್ ಕೊನೆಗೂ ದಾಟಿ ಬಂದ.

1779ರ ಕೊನೆಗೆ ಯುದ್ಧದ ಖರ್ಚಿನಿಂದ ಬೇಸತ್ತ ಯಾರ್ಕ್‌ಷೈರಿನ ಜಮೀನ್ದಾರರು ಕ್ರಿಸ್ಟೊಫರ್ ವೈವಿಲ್ ಎಂಬವನ ಮುಂದಾಳುತನದಲ್ಲಿ ಸೇರಿದರು. 1780ರ ಫೆಬ್ರವರಿಯಲ್ಲಿ ಬರ್ಕ್ ಅರಮನೆಯ ನಿರುಪಯುಕ್ತ ಹುದ್ದೆಗಳನ್ನು ಕಿತ್ತುಹಾಕುವ ಮಸೂದೆ ಮುಂದಿಟ್ಟ. ಏಪ್ರಿಲ್ 6ರಂದು ಕಾಮನ್ಸ್ ಸಭೆಯಲ್ಲಿ ಸದಸ್ಯ ಜಾನ್ ಡನ್ನಿಂಗ್‌ನ ಗೊತ್ತುವಳಿ 233-215 ಮತಗಳಿಂದ ಗೆದ್ದಿತು: ರಾಜನ ಪ್ರಭಾವ ಬೆಳೆದಿದೆ, ಇನ್ನೂ ಬೆಳೆಯುತ್ತಿದೆ, ಅದು ತಗ್ಗಬೇಕು. ಆ ಬೇಸಿಗೆಯಲ್ಲಿ ನಾರ್ತ್ ರಾಕಿಂಗ್‌ಹ್ಯಾಮ್‌ನನ್ನು ಸರ್ಕಾರದೊಳಗೆ ಎಳೆದುಕೊಳ್ಳಲು ನೋಡಿದ. ಷರತ್ತುಗಳು ಹೊಂದಲಿಲ್ಲ, ಆತ ಹೋಗಲಿಲ್ಲ. 13 ವರ್ಷಗಳ ಅಂತರದಲ್ಲಿ ಇದು ಎರಡನೇ ನಿರಾಕರಣೆ.

ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸ್ ಶರಣಾದ ಸುದ್ದಿ 1781ರ ನವೆಂಬರ್ ಕೊನೆಗೆ ಲಂಡನ್ ತಲುಪಿತು. 1782ರ ಫೆಬ್ರವರಿ 27ರಂದು ಅಮೆರಿಕದಲ್ಲಿ ಯುದ್ಧ ಮುಂದುವರಿಸುವುದರ ವಿರುದ್ಧ ಕಾಮನ್ಸ್ ಸಭೆ 234-215ರಿಂದ ತೀರ್ಮಾನಿಸಿತು. ಮಾರ್ಚ್ 20ರಂದು ನಾರ್ತ್ ಕೆಳಗಿಳಿದ. ಆಮೇಲಿನ ಕೆಲವು ದಿನಗಳು ಬ್ರಿಟಿಷ್ ಸಂವಿಧಾನದ ಇತಿಹಾಸದಲ್ಲಿ ನಿಧಾನವಾಗಿ ಓದಬೇಕಾದವು. ರಾಕಿಂಗ್‌ಹ್ಯಾಮ್ ಮೊದಲೇ ತನ್ನ ಷರತ್ತು ತಿಳಿಸಿದ್ದ: ಅಮೆರಿಕದ ಸ್ವಾತಂತ್ರ್ಯಕ್ಕೆ ರಾಜ ಅಡ್ಡಬರಬಾರದು, ಹುದ್ದೆ-ಗುತ್ತಿಗೆಗಳ ಸುಧಾರಣೆಗೆ ಒಪ್ಪಬೇಕು. ರಾಜನಿಗೆ ಇದು ಎಷ್ಟು ಅಸಹ್ಯವೆನಿಸಿತೆಂದರೆ ಆತ ಸಿಂಹಾಸನ ತ್ಯಜಿಸುವ ಸಂದೇಶವೊಂದರ ಕರಡನ್ನೇ ಬರೆದಿಟ್ಟ. ಅದನ್ನು ಕಳಿಸಲಿಲ್ಲ. ರಾಕಿಂಗ್‌ಹ್ಯಾಮ್‌ನ ಮುಖ ನೋಡಲು ಮನಸ್ಸಿಲ್ಲದೆ ಚಾಟಮ್‌ನ ಹಳೆಯ ಬೆಂಬಲಿಗ ಶೆಲ್‌ಬರ್ನ್ ಅರ್ಲ್‌ನ ಮೂಲಕ ಮಾತಾಡಿದ. ಕೊನೆಗೆ ಒಪ್ಪಿದ. ಲಾರ್ಡ್ ಚಾನ್ಸಲರ್ ಥರ್ಲೋ ಒಬ್ಬನನ್ನು ಬಿಟ್ಟು ಇಡೀ ಮಂತ್ರಿಮಂಡಲ ಬದಲಾಯಿತು. ಇಷ್ಟು ಸಾರಾಸಗಟಾಗಿ, ಇಂಥ ಷರತ್ತಿನ ಮೇಲೆ, ರಾಜನ ಇಷ್ಟಕ್ಕೆ ಇಷ್ಟು ವಿರುದ್ಧವಾಗಿ ಸರ್ಕಾರ ಬಂದದ್ದು ಹಿಂದೆ ಕಂಡಿರಲಿಲ್ಲ. ಗೆಲುವು ಪೂರ್ಣವಾಗಿರಲಿಲ್ಲ, ಶೆಲ್‌ಬರ್ನ್ ಮತ್ತು ಆತನ ಕಡೆಯವರನ್ನು ರಾಜ ಸಂಪುಟದಲ್ಲಿ ತೂಕಕ್ಕೆ ತೂಕವಾಗಿ ಕೂರಿಸಿದ್ದ.

ಉಳಿದದ್ದು ಮೂರು ತಿಂಗಳ ಆಯುಸ್ಸು. ಅದರಲ್ಲಿ ನಡೆದ ಕೆಲಸ ಬೆರಗು ಹುಟ್ಟಿಸುತ್ತದೆ. ಸರ್ಕಾರಿ ಗುತ್ತಿಗೆದಾರರು ಕಾಮನ್ಸ್ ಸಭೆಯಲ್ಲಿ ಕೂರುವಂತಿಲ್ಲ ಎಂಬ ಕಾಯ್ದೆ ಬಂತು. ಸುಂಕ, ತೆರಿಗೆ ವಸೂಲಿಯ ನೌಕರರ ಮತದಾನದ ಹಕ್ಕನ್ನು ಇನ್ನೊಂದು ಕಾಯ್ದೆ ತೆಗೆಯಿತು; ಸುಮಾರು 70 ಕ್ಷೇತ್ರಗಳ ಫಲಿತಾಂಶ ಅಂಥ ನೌಕರರ ಕೈಯಲ್ಲಿದೆ ಎಂದು ಮಾರ್ಕ್ವಿಸ್ ಲಾರ್ಡ್ಸ್ ಸಭೆಯಲ್ಲಿ ವಾದಿಸಿದ. ಮಾತಿಗೆ ಹೆದರುತ್ತಿದ್ದವನು ಅಂದು ಎದ್ದು ಮಾತಾಡಿದ. ಬರ್ಕ್‌ನ ಮಸೂದೆ ಅದೇ ವರ್ಷ ಕಾಯ್ದೆಯಾಗಿ 134 ಹುದ್ದೆಗಳನ್ನು ಅಳಿಸಿತು. ಐರ್ಲೆಂಡಿನ ಪಾರ್ಲಿಮೆಂಟನ್ನು ಕಟ್ಟಿಹಾಕಿದ್ದ 1720ರ ಕಾಯ್ದೆ, ಎಂದರೆ 1766ರಲ್ಲಿ ಅಮೆರಿಕಕ್ಕೆ ಅಚ್ಚಾಗಿ ಬಳಸಿದ್ದ ಅದೇ ಕಾಯ್ದೆ, ರದ್ದಾಯಿತು. ರಾಕಿಂಗ್‌ಹ್ಯಾಮ್ ಮುಟ್ಟದೆ ಬಿಟ್ಟದ್ದು ಒಂದೇ: ಯಾರಿಗೆ ಮತ, ಯಾವ ಊರಿಗೆ ಎಷ್ಟು ಸ್ಥಾನ ಎಂಬ ಪ್ರಶ್ನೆ. ವೈವಿಲ್ ಕೇಳಿದ್ದ ಆ ಸುಧಾರಣೆ ಆತನಿಗೆ ಬೇಕಿರಲಿಲ್ಲ. ರಾಜನ ಕೈ ಕಟ್ಟಲು ಹೊರಟವನಿಗೆ ತನ್ನಂಥ ಭೂಮಾಲೀಕರ ಕೈ ಕಟ್ಟುವ ಯೋಚನೆ ಬರಲಿಲ್ಲ.

52ನೇ ವಯಸ್ಸಿನಲ್ಲಿ ಇನ್‌ಫ್ಲುಯೆಂಜಾ ಆತನನ್ನು ಒಯ್ದಿತು. ಆಗ ಎದ್ದ ಜಗಳವೇ ಆತ ಬದಲಿಸಿದ್ದೇನು ಎಂಬುದನ್ನು ಹೇಳುತ್ತದೆ. ರಾಜ ಶೆಲ್‌ಬರ್ನ್‌ನನ್ನು ಪ್ರಧಾನಿ ಮಾಡಿದ. ಮುಂದಿನ ನಾಯಕನನ್ನು ನಾವು ಸೂಚಿಸಬೇಕು, ಅವನು ಪೋರ್ಟ್‌ಲ್ಯಾಂಡ್ ಆಗಬೇಕು ಎಂದು ರಾಕಿಂಗ್‌ಹ್ಯಾಮ್ ಸಂಪುಟದ ಮಂತ್ರಿ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಪಟ್ಟುಹಿಡಿದು ರಾಜೀನಾಮೆ ಕೊಟ್ಟ. 20 ವರ್ಷದ ಹಿಂದೆ ಇಂಥ ಹಕ್ಕಿದೆ ಎಂದು ಯಾರೂ ಬಾಯಿಬಿಡುತ್ತಿರಲಿಲ್ಲ. ಬಣ ಒಡೆಯಿತು, ಮಾರ್ಕ್ವಿಸ್ ಸತ್ತ ಕೂಡಲೇ ಮುರಿದುಬಿದ್ದದ್ದು ಪಕ್ಷ ಹೇಗಾದೀತು ಎಂಬುದು ಕೊನೆಯ ಆಕ್ಷೇಪ. ಒಡೆದು ಹೋದವರು ಕೆಲವರು. ಉಳಿದ ಬಹುಪಾಲು ಮಂದಿ 1783ರಲ್ಲಿ ಪೋರ್ಟ್‌ಲ್ಯಾಂಡ್‌ನನ್ನೇ ಪ್ರಧಾನಿಯಾಗಿಸಿದರು. ಆ ಡಿಸೆಂಬರಿನಲ್ಲಿ ಕಂಪನಿಯ ಆಡಳಿತವನ್ನು ಪಾರ್ಲಿಮೆಂಟ್ ನೇಮಿಸುವ ಆಯೋಗಕ್ಕೆ ಒಪ್ಪಿಸುವ ಭಾರತ ಮಸೂದೆಗೆ ಮತ ಹಾಕುವವರು ತನ್ನ ಶತ್ರುಗಳೆಂದು ರಾಜ ಲಾರ್ಡ್ಸ್ ಸಭೆಗೆ ಹೇಳಿಕಳಿಸಿ ಅದನ್ನು ಬೀಳಿಸಿದ, ಸರ್ಕಾರವನ್ನೂ ಕಿತ್ತೊಗೆದ. ಅವರು ಮತ್ತೆ ಒಟ್ಟಾಗಿಯೇ ಹೊರಗೆ ಹೋದರು. 1794ರಲ್ಲಿ ಫ್ರೆಂಚ್ ಕ್ರಾಂತಿಯ ಕಾರಣಕ್ಕೆ ಇನ್ನೊಮ್ಮೆ ಒಡೆದ ಮೇಲೂ ಫಾಕ್ಸ್‌ನ ಸುತ್ತ ಒಂದು ಗುಂಪು ಜಗ್ಗದೆ ಉಳಿಯಿತು. 1826ರಲ್ಲಿ ಜಾನ್ ಕ್ಯಾಮ್ ಹಾಬ್‌ಹೌಸ್ ‘ಘನತೆವೆತ್ತ ದೊರೆಯ ವಿರೋಧ ಪಕ್ಷ’ ಎಂಬ ಮಾತನ್ನು ಸಭೆಯಲ್ಲಿ ಆಡಿದಾಗ ಜನ ನಕ್ಕರು. ಆದರೆ ಹೆಸರು ನಿಂತಿತು. 1786ರಲ್ಲಿ ಪಾರ್ಲಿಮೆಂಟಿಗೆ ಬಂದು ಫಾಕ್ಸ್‌ನ ನೆರಳಿನಲ್ಲಿ ಬೆಳೆದ ಚಾರ್ಲ್ಸ್ ಗ್ರೇ, ಜೀವಮಾನದ ಹೆಚ್ಚುಭಾಗ ವಿರೋಧದಲ್ಲೇ ಕಳೆದು, 1830ರ ನವೆಂಬರಿನಲ್ಲಿ ನಾಲ್ಕನೇ ವಿಲಿಯಂನಿಂದ ಸರ್ಕಾರ ರಚಿಸುವ ಕರೆ ಪಡೆದ. ಒಪ್ಪುವ ಮೊದಲು ಗ್ರೇ ಒಂದು ಷರತ್ತು ಮುಂದಿಟ್ಟ: ಮತಕ್ಷೇತ್ರಗಳ ಸುಧಾರಣೆಯನ್ನು ಸರ್ಕಾರದ ಮಸೂದೆಯಾಗಿ ತರಲು ದೊರೆ ಸಮ್ಮತಿಸಬೇಕು. ರಾಕಿಂಗ್‌ಹ್ಯಾಮ್ ಎಂದೂ ಬಯಸದಿದ್ದ ಸುಧಾರಣೆ ಅದು. ದೊರೆ ಒಪ್ಪಿದ.